ಇಲ್ಲದ ಮನೆಯ ಕೊಟ್ಟಿಗೆ

ಸಾವಿರದ ಒಂಬೈನೂರ ಮೂವತ್ತೈದರ ಬೇಸಿಗೆ. ಕ್ಯಾಲಿಫೋರ್ನಿಯಾದ ಲೆಟಿಸ್ ಸೊಪ್ಪಿನ ಹೊಲದಲ್ಲಿ ಕೂಲಿಯವರು ನೀರಿಗೆ ಸಾಲು ನಿಂತಿದ್ದರು. ಪೀಪಾಯಿಗೆ ಎರಡು ಲೋಟ ತೂಗುಹಾಕಿದ್ದರು, ಮೇಲಿನದು ಬಿಳಿಯರಿಗೆ, ಕೆಳಗಿನದು ಉಳಿದವರಿಗೆ. ಸಾಲಿನಲ್ಲಿದ್ದ ಕೂಲಿಹೆಂಗಸು ಓರ್ಫಾಳ ಮುಂದೆಯೇ ಒಕ್ಲಹೋಮದ ಬಿಳಿಯ ಡೆಲ್ಬರ್ಟ್ ಮತ್ತು ಫಿಲಿಪೀನ್ಸಿನ ಫೌಸ್ಟಿನೊ ಇದ್ದರು. ಬೇಡವೆಂದರೂ ಅವರ ಮಾತು ಅವಳ ಕಿವಿಗೆ ಬೀಳುತ್ತಿತ್ತು.

"ಜಮೀನು ನಿನ್ನ ಹೆಸರಲ್ಲೇ ಇರ್ಲಿ ಡೆಲ್. ನಮ್ಮೋರಿಗೆ ಇಲ್ಲಿ ಯಾರೂ ಬರ್ಕೊಡಲ್ಲ."

"ಆಯ್ತು. ದುಡ್ಡು, ದುಡಿಮೆ ಇಬ್ರದೂ ಸಮ."

"ಮನೇಲಿ ಎಷ್ಟು ಕೋಣೆ?"

"ಮೂರು."

"ನಾನು ಯಾವುದ್ರಲ್ಲಿ ಮಲಗೋದು?"

"ನೀನು ಕೊಟ್ಟಿಗೇಲಿ, ಫೌಸ್ಟಿ. ಅಕ್ಕಪಕ್ಕದೋರು ಏನಾದ್ರೂ ಅಂತಾರೆ."

"ಯಾವ ಅಕ್ಕಪಕ್ಕದೋರಪ್ಪಾ? ಇನ್ನೂ ಜಮೀನೇ ಇಲ್ಲ!"

"ಬಂದೇ ಬರ್ತಾರಲ್ಲ."

ಫೌಸ್ಟಿನೊ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದ.

"ಹೋಗ್ಲಿ, ಒಂದು ಕಿಟಕಿನಾದ್ರೂ ಇಡು."

"ನನ್ನ ಮನೆ ಕಡೆಗೇ ಇಡ್ತೀನಿ. ರಾತ್ರಿ ಮಾತಾಡೋಕೆ ನಂಗಾದ್ರೂ ಬೇರೆ ಯಾರಿದಾರೆ?"

ಅವರ ಸರದಿ ಬಂತು. ಡೆಲ್ಬರ್ಟ್ ಮೇಲಿನ ಲೋಟದಲ್ಲಿ ಕುಡಿದ, ಫೌಸ್ಟಿನೊ ಕೆಳಗಿನದರಲ್ಲಿ. ಬಾಯಿ ಒರೆಸಿಕೊಂಡು ಇಬ್ಬರೂ ಜೊತೆಯಾಗಿಯೇ ಸಾಲು ಬಿಟ್ಟು ಹೊರಟರು. ಹೋಗುತ್ತ ಫೌಸ್ಟಿನೊ ಕೇಳುತ್ತಿದ್ದ:

"ಹಾಗಾದ್ರೆ ಹಸೂನ ಎಲ್ಲಿ ಕಟ್ಟೋದು?"