ಗಿರಿಜಾಂಬಾ ಅವರ ಡಯಾಲಿಸಿಸ್ ಟೋಕನ್

ವೀರೇಂದ್ರ ನನ್ನ ಚಿಕ್ಕಪ್ಪನ ಮಗ. ಕುಡಿಯುವವನಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಈ ಸಂಗತಿ ಕೇಳಿದವರೆಲ್ಲ ಅದನ್ನೇ ಕೇಳುತ್ತಾರೆ.

ಹೋದ ಫೆಬ್ರವರಿ, ಒಂದು ಶನಿವಾರ. ಕಳಸದಿಂದ ಕೊನೆಯ ಜೀಪಿನಲ್ಲಿ ಬಂದು ತಿರುವಿನಲ್ಲಿ ಇಳಿದ. ರಾತ್ರಿ ಹತ್ತು ದಾಟಿತ್ತು. ಮನೆಗೆ ಇನ್ನೊಂದು ಮೈಲಿ, ಎಸ್ಟೇಟ್ ರಸ್ತೆ. ಮಧ್ಯದಲ್ಲಿ ಒಂದು ಆಲದ ಮರ. ನಮ್ಮೂರಿಗೆಲ್ಲ ಮೊಬೈಲ್ ರೇಂಜ್ ಸಿಗುವುದು ಅದರ ಬುಡದಲ್ಲಿ ಮಾತ್ರ.

ದೂರದಿಂದಲೇ ಕೇಳಿಸಿತು. ಟಕ್... ಟಕ್... ಟಕ್. ಉಗುರು ಗಾಜಿಗೆ ತಾಗುವ ಸದ್ದು. ಆಮೇಲೆ ಫೋನು ಸಣ್ಣಗೆ 'ಟುಂಯ್' ಅಂದಿತು. ಮತ್ತೆ ಟಕ್... ಟಕ್...

ಬುಡದಲ್ಲಿ ನೀಲಿ ಬೆಳಕು. ಬೆಳಕಿನ ಹಿಂದೆ ಗಿರಿಜಾಂಬಾ ಅವರ ಮುಖ.

ನಮ್ಮ ಪಕ್ಕದ ಮನೆಯವರು. ಹನ್ನೊಂದು ದಿನದ ಹಿಂದೆ ಅವರನ್ನು ಮಣ್ಣು ಮಾಡಿದ್ದೆವು. ವೀರೇಂದ್ರನೂ ಒಂದು ಹಿಡಿ ಹಾಕಿದ್ದ.

ಇವನ ಕೆಲಸ ವೆಬ್‌ಸೈಟ್ ಮಾಡುವುದು. ಮನೆಗೆ ವೈಫೈ ಹಾಕಿಸಿಕೊಂಡಿದ್ದಾನೆ. ಇಂಟರ್‌ನೆಟ್ಟಿನ ಹುಚ್ಚಾಟಗಳನ್ನು ಹೇಳಿ ನಗಿಸುತ್ತಿದ್ದ. ಒತ್ತಲು ಹೋದರೆ ಜಾರುವ ಬಟನ್, ಒಪ್ಪಿಗೆ ಕೊಡುವ ತನಕ ಬಿಡದ ಕುಕಿ, 'ನೀವು ಮನುಷ್ಯರೇ?' ಎಂದು ಮನುಷ್ಯರನ್ನೇ ಕೇಳುವ ಯಂತ್ರ. ನಾವೂ ನಕ್ಕಿದ್ದೇವೆ. ಇದೇ ವೀರೇಂದ್ರ ಒಂದು ಆಸ್ಪತ್ರೆಗೆ ಡಯಾಲಿಸಿಸ್ ಟೋಕನ್ನಿನ ವೆಬ್‌ಸೈಟ್ ಮಾಡಿಕೊಟ್ಟ. ಮುಂದಿನ ವಾರದ ಟೋಕನ್ ಕೊಡುವುದು ಶನಿವಾರ ರಾತ್ರಿ ಹತ್ತರ ಮೇಲೆ. ಆಗ ಸರ್ವರ್ ಮೇಲೆ ಹೊರೆ ಕಡಿಮೆಯಂತೆ. ಯಂತ್ರದ ಹೊರೆಯ ಚಿಂತೆ ಎಲ್ಲರಿಗಿತ್ತು. ಕಿಡ್ನಿ ಹೋದ ಹೆಂಗಸು ಕತ್ತಲಲ್ಲಿ ಮರದ ತನಕ ನಡೆಯಬೇಕಲ್ಲ, ಅದು ಯಾರ ತಲೆಗೂ ಹೋಗಲಿಲ್ಲ.

ಕಳ್ಳ ಬುಕಿಂಗ್ ತಡೆಯಲು ಒಂಬತ್ತು ಚಿತ್ರಗಳ ಪರೀಕ್ಷೆ ಇಟ್ಟ. ಟ್ರಾಫಿಕ್ ಲೈಟ್ ಇರುವ ಚೌಕಗಳನ್ನು ಆರಿಸಿ, ನೀವು ಮನುಷ್ಯರೆಂದು ತೋರಿಸಿ. ತಪ್ಪಿದರೆ ಫೋನು ಟುಂಯ್ ಅನ್ನುತ್ತದೆ, ಮತ್ತೆ ಮೊದಲಿಂದ. ಗಿರಿಜಾಂಬಾ ಹುಟ್ಟಿದ ಮೇಲೆ ಒಂದು ಟ್ರಾಫಿಕ್ ಲೈಟನ್ನೂ ಕಂಡವರಲ್ಲ. ಎರಡು ಶನಿವಾರ ಟೋಕನ್ ಸಿಗಲಿಲ್ಲ. ಆಸ್ಪತ್ರೆಗೆ ಹೋದರೆ ಟೋಕನ್ ಇಲ್ಲದೆ ಒಳಗೆ ಬಿಡಲಿಲ್ಲ. ಇವನ ಬೈಕ್ ನಿಲ್ಲಿಸಿ ಕೇಳಿದ್ದರು. ನಾಳೆ ತೋರಿಸುತ್ತೇನೆ ಅಂದು ಹೋಗಿದ್ದ. ಮೂರನೆಯ ಶನಿವಾರಕ್ಕೆ ಮೊದಲೇ ಮೈ ಊದಿ, ಉಸಿರು ಕಟ್ಟಿ ಸತ್ತರು.

ಈಗ ಮರದ ಬುಡದಿಂದ ಪಿಸುದನಿ ಬಂತು.

"ವೀರೂ... ಕಂಬಾನೂ ಸೇರಿಸ್ಬೇಕೇನೋ?"

ಓಡಲು ಕಾಲು ಬರಲಿಲ್ಲ ಅನ್ನುತ್ತಾನೆ. ಓಡಲು ಮುಖವಿರಲಿಲ್ಲ ಅನ್ನುತ್ತೇನೆ ನಾನು. ಹೋಗಿ ಪಕ್ಕದಲ್ಲಿ ಕೂತ. ತಾಗಿದ ತೋಳು ತಣ್ಣಗಿತ್ತು...

"ಬೇಡ ದೊಡ್ಡಮ್ಮ. ದೀಪ ಮಾತ್ರ."

"ಇದಾ?"

"ಅದು ಅಂಗಡಿ ಬೋರ್ಡು. ಅದರ ಕೆಳಗಿನದು... ಹ್ಞಾಂ, ಅದು."

ಟಕ್... ಟಕ್. ಈ ಸಲ ಫೋನು ಟುಂಯ್ ಅನ್ನಲಿಲ್ಲ.

"ಈಗ ಒಪ್ತಾ, ನಾನು ಮನುಷ್ಯಳು ಅಂತ?"

"ಒಪ್ತು ದೊಡ್ಡಮ್ಮ."

"ನೀನೇ ಮಾಡಿದ್ದಂತಲ್ಲ ಮಾರಾಯ ಇದು. ಅವತ್ತೇ ಹೇಳ್ಕೊಡ್ಬಾರ್ದಿತ್ತಾ?"

ಬೈದದ್ದಲ್ಲ. ಬೈದಿದ್ದರೆ ಬದುಕುತ್ತಿದ್ದೆ ಅನ್ನುತ್ತಾನೆ. ಬೆಳಕು ಆರಿತು. ಒಣಗಿದ ಎಲೆಗಳ ಮೇಲೆ ಸರ... ಸರ... ಹೆಜ್ಜೆ ಸದ್ದು ರಸ್ತೆಗೆ ಇಳಿದು ದೂರವಾಯಿತು. ಇವನು ಬೆಳಗಿನ ತನಕ ಅಲ್ಲೇ ಕೂತು ಅತ್ತ. ಆ ಪರೀಕ್ಷೆಯನ್ನು ಅಲ್ಲಿಂದಲೇ ಕಿತ್ತುಹಾಕಿದ. ಅದಕ್ಕೆ ಐದು ನಿಮಿಷ ಹಿಡಿಯಿತು. ಐದೇ ನಿಮಿಷ!

ಸೋಮವಾರ ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದ. ಅವತ್ತಿನ ಪಟ್ಟಿಯಲ್ಲಿ ಮೊದಲ ಹೆಸರು ಗಿರಿಜಾಂಬಾ. ಅಲ್ಲಿ ಮಷೀನಿಗೆ ಹಾಕುವ ಮೊದಲು ರೋಗಿಯನ್ನು ನಿಲ್ಲಿಸಿ ತೂಕ ನೋಡುತ್ತಾರೆ. ಹೆಸರಿನ ಮುಂದೆ ತೂಕ ಬರೆದಿತ್ತು. ನರ್ಸ್ ರೂಪಶ್ರೀ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. 'ಅಕ್ಷರ ನನ್ನದೇ, ಬರೆದ ನೆನಪಿಲ್ಲ' ಅಂದರು.

ನಂಬದಿದ್ದರೆ ಬಿಡಿ. ಆ ಹಾಳೆಯನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ನೀಲಿ ಪೆನ್ನು. ನಲವತ್ತಮೂರು ಕಿಲೋ ಇನ್ನೂರು ಗ್ರಾಂ.