ಲೋಡು ಇಳಿಸಿದ ಮೇಲೆ

ಕದ್ದು ಕೇಳಿದ್ದಲ್ಲ, ಸುಳ್ಯದ ಬಸ್ಸಿನಲ್ಲಿ ಅವರದು ನನ್ನ ಮುಂದಿನ ಸೀಟು. ಪಂಜದಲ್ಲಿ ಲಾರಿ ಸ್ಪ್ರಿಂಗ್ ರಿಪೇರಿ ಮಾಡುವ ಸುಂದರಣ್ಣ, ಪಕ್ಕದಲ್ಲಿ ಕಾಲೇಜಿಗೆ ಪ್ರಾಜೆಕ್ಟ್ ಒಪ್ಪಿಸಲು ಹೊರಟ ಮಗಳು ದೀಕ್ಷಿತಾ.

"ಗ್ರಾಫೈಟ್ ಅಂದ್ರೆ ಪದರದ ಮೇಲೆ ಪದರ ಅಪ್ಪ, ಸಲೀಸಾಗಿ ಜಾರ್ತದೆ. ಒತ್ತಿದ್ರೆ ಪದರಗಳು ಹತ್ತಿರ ಬಂದು ಬಿಗಿಯಾಗ್ತದೆ."

"ಲೋಡು ಬಿದ್ದ ಸ್ಪ್ರಿಂಗ್ ಪಟ್ಟಿಗಳ ಹಾಗೆ."

"ಹೂಂ. ಎಷ್ಟು ಒತ್ತಿದ್ರೆ ಎಷ್ಟು ಬಿಗಿ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದೇನೆ."

"ಲೋಡು ಇಳಿಸಿದ ಮೇಲೆ ಮೊದಲಿನ ಹಾಗೆ ಆಯ್ತಾ?"

ಮಗಳು ಫೈಲು ತಿರುವಿದಳು.

"ಅದು ನೋಡ್ಲೇ ಇಲ್ಲ ಅಪ್ಪ. ಕಾಲೇಜಿನಲ್ಲಿ ಸರ್ ಅದನ್ನೇ ಕೇಳಿದ್ರೆ ಎಂತ ಹೇಳುದು?"

"ನೋಡ್ಲಿಲ್ಲ ಅಂತ ಹೇಳು ಮಗಾ. ಬಿಚ್ಚಿ ನೋಡದ ಸ್ಪ್ರಿಂಗು ಸರಿ ಉಂಟು ಅಂತ ನಾನು ಯಾರಿಗೂ ಹೇಳಿದವನಲ್ಲ."

ಫೈಲಿನ ಕೊನೆಯ ಪುಟದಲ್ಲಿ ‘ಒತ್ತಡ ಇಳಿಸಿ ನೋಡಿಲ್ಲ’ ಎಂದು ಪೆನ್ನಿನಲ್ಲಿ ಬರೆದೇ ಅವಳು ಕಾಲೇಜು ಸ್ಟಾಪಿನಲ್ಲಿ ಇಳಿದಳು.