ತಾರೀಕು ಕೇಳುವ ಕಂಪ್ಯೂಟರ್

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಕೂತಿದ್ದ ದರ್ಜಿಗೆ ಪಕ್ಕದ ಅಕ್ಕತಂಗಿಯರ ಮಾತು ಕಿವಿಗೆ ಬಿತ್ತು.

“ಕಂಪ್ಯೂಟರ್ ಆನ್ ಮಾಡಿದ್ರೆ ಸಾಕು, ತಾರೀಕು ತಪ್ಪಾಗಿದೆ, ಸರಿ ಮಾಡಿ ಅಂತ ಬರುತ್ತೆ. ದಿನಾ ಇದೇ ಗೋಳು,” ಎಂದಳು ಅಕ್ಕ.

“ಒಳಗೆ ನಾಣ್ಯದಷ್ಟು ಪುಟ್ಟ ಬ್ಯಾಟರಿ ಇರುತ್ತಕ್ಕ, ಅದು ಮುಗಿದಿದೆ. ನಾನೇ ಬಂದು ಹೊಸದು ಹಾಕ್ಕೊಡ್ತೀನಿ.”

“ಬೇಡ್ವೇ ಬೇಡ! ಅದರ ತಂಟೆಗೆ ಹೋಗ್ಬೇಡ.”

“ಯಾಕೆ?”

“ನೆಲ ಒರೆಸೋಕೆ ಅವರ ಹಳೇ ಅಂಗಿ ತಗೊಂಡೆ ಅಂತ ನಿನ್ನ ಭಾವ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಕ್ಯಾಲೆಂಡರ್ ಇರೋದು ಅಡುಗೆಮನೇಲಿ. ಕಂಪ್ಯೂಟರ್‌ಗೆ ಹಾಕೋಕೆ ಇವತ್ತು ಎಷ್ಟನೇ ತಾರೀಕು ಅಂತ ಬೆಳಿಗ್ಗೆ ಅವರು ನನ್ನನ್ನೇ ಕೇಳ್ಬೇಕು.”

“ಅಷ್ಟೇನಾ ಮಾತು?”

ಒಳಗಿಂದ ಕರೆ ಬಂತು. ಅಕ್ಕ ಏಳುತ್ತಾ ತಂಗಿಯ ಕಿವಿಯ ಹತ್ತಿರ ಬಾಗಿದಳು. ಆದರೂ ದರ್ಜಿಗೆ ಕೇಳಿಸಿತು.

“ಯಾವ ವಾರ ಅಂತಾನೂ ನಿನ್ನೆ ಕೇಳಿದ್ರು ಕಣೇ!”